ತೆಗೆಯಲಾಗದ ಮುತ್ತು

ಎಲೆರಿ ಎಡಿಟಿಂಗ್ ಕೋಣೆಯ ಬಾಗಿಲು ತಳ್ಳಿದ ರಭಸಕ್ಕೆ ಎಡಿಟರ್ ಲೌರಿಯ ಕೈಯಲ್ಲಿದ್ದ ಟೀ ತುಳುಕಿತು.

"ಮೆಲ್ಲಗೆ ಕಣೇ," ಎಂದಳು ಲೌರಿ.

"ಮೆಲ್ಲಗಿರೋಕೆ ಬಂದಿಲ್ಲ. ನನ್ನ ಸೀನ್ ಹಾಕು."

ಕಾರ್ಡಿಫ್‌ನ ಆ ಸ್ಟುಡಿಯೋದಲ್ಲಿ ಅಂತರಿಕ್ಷದ ಧಾರಾವಾಹಿಯೊಂದು ಮೂವತ್ತು ವರ್ಷಗಳಿಂದ ತಯಾರಾಗುತ್ತಿತ್ತು. ಅದರಲ್ಲಿ ರೋಬೋಟಿಗೂ ಹೆಂಡತಿಯಿದ್ದಳು. ಮಹಿಳಾ ಕ್ಯಾಪ್ಟನ್‌ಳ ಪಕ್ಕದಲ್ಲಿ ಸದಾ ಇರುವ ಎಂಜಿನಿಯರ್ ಹುಡುಗಿ ಮಾತ್ರ "ಆತ್ಮೀಯ ಗೆಳತಿ"ಯಾಗಿಯೇ ಉಳಿದಿದ್ದಳು. ಶಾಲೆಯಲ್ಲಿದ್ದಾಗಿನಿಂದ ಅವರಿಬ್ಬರ ಮುತ್ತಿಗಾಗಿ ಟೀವಿ ಮುಂದೆ ಕಾದಿದ್ದ ಎಲೆರಿ, ಈಗ ಅದೇ ಧಾರಾವಾಹಿಯ ಲೇಖಕಿಯಾಗಿ, ಹಟ ಹಿಡಿದು ಆ ಮುತ್ತನ್ನು ಬರೆದಿದ್ದಳು.

ಪರದೆಯ ಮೇಲೆ ಹಡಗಿನ ಬಾಗಿಲು ಮುಚ್ಚಿತು. ಮುತ್ತು ಬಂತು. ಮತ್ತೆ ಅದೇ ಮುಚ್ಚಿದ ಬಾಗಿಲು.

ಎಲೆರಿಯ ಮೈ ಉರಿಯಿತು. ಮುತ್ತನ್ನು ಎತ್ತಿಬಿಟ್ಟರೆ ಬಾಗಿಲಿಗೆ ಬಾಗಿಲು ಕೂಡಿಕೊಳ್ಳುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

"ಪ್ರೊಡ್ಯೂಸರ್ ಪ್ರಿಚರ್ಡ್ ಕ್ಯಾಂಟೀನಲ್ಲಿ ಹಲ್ಲು ಕಿರಿದುಕೊಂಡು ಹೇಳ್ದ. ಮುತ್ತು ಬೇಡ ಅನ್ನೋ ದೇಶದವರು ಆರಾಮಾಗಿ ತೆಗೀಬಹುದು, ಲೌರಿ ಅಷ್ಟು ಚೆನ್ನಾಗಿ ಕೂರಿಸಿದ್ದಾಳೆ ಅಂತ. ಒಗ್ಗರಣೆಗೆ ಬೇಕು, ತಟ್ಟೆಗೆ ಬಂದ್ರೆ ಪಕ್ಕಕ್ಕೆ ಎತ್ತಿಡ್ತಾರೆ. ನಾವೇನು ಕರಿಬೇವಾ?"

"ಪ್ರೊಡ್ಯೂಸರ್ ಹೇಳಿದ್ರೆ ನಾನೇನು ಮಾಡ್ಲಿ?"

"ನಿನ್ನೆ ಭಾನುವಾರದ ಊಟಕ್ಕೆ ಕೂತಾಗ ನಿಮ್ಮಮ್ಮಂಗೆ ನಾನು ಯಾರು ಅಂದೆ? ಬಾಡಿಗೆ ಹಂಚ್ಕೊಳ್ಳೋಳು. ಕತ್ತರಿ ನಿನಗೆ ಬರೀ ಆಫೀಸಿನ ಕೆಲಸ ಅಲ್ಲ ಬಿಡು."

ಲೌರಿ ತಲೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿದಳು. ಅಳು ಬಂದಾಗ ಅವಳು ಹಾಗೆ ಮಾಡುತ್ತಾಳೆ. ಬೇರೆ ದಿನವಾಗಿದ್ದರೆ ಎಲೆರಿ ಆ ಕನ್ನಡಕವನ್ನು ಮೆಲ್ಲನೆ ಮೇಲೆತ್ತಿ, ರೆಪ್ಪೆಯ ಮೇಲೆ ತುಟಿಯೊತ್ತುತ್ತಿದ್ದಳು. ಇವತ್ತು ಕೈ ಕಟ್ಟಿಕೊಂಡು ನಿಂತಳು. ಇಷ್ಟಾದರೂ ಪ್ರೀತಿ ಉಕ್ಕಿದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು.

"ಟೈಟಲಿಂದ ನನ್ನ ಹೆಸರು ತೆಗೆದುಬಿಡು," ಎಂದು ಹೊರಟುಹೋದಳು.

ಮರುದಿನ ಪ್ರಿಚರ್ಡ್‌ಗೆ ಕಂತು ತೋರಿಸಬೇಕಿತ್ತು. ಎಲೆರಿ ಜಗಳಕ್ಕೆ ಸಿದ್ಧಳಾಗಿಯೇ ಬಂದಳು. ಲೌರಿ ಅವಳ ಮುಖ ನೋಡಲಿಲ್ಲ, ತನ್ನ ಪಕ್ಕದ ಕುರ್ಚಿಯನ್ನು ಕಾಲಿಂದ ಎಳೆದಿಟ್ಟಳು.

ಪರದೆಯ ಮೇಲೆ ಬಾಗಿಲು ಮುಚ್ಚಿತು. ಈಗ ಮುತ್ತಿನ ನಡುವೆಯೇ, ತುಟಿ ಬಿಡಿಸಿಕೊಂಡು ಹಣೆಗೆ ಹಣೆ ತಾಗಿಸಿದ ಎಂಜಿನಿಯರ್ ಮನೆಗೆ ಮರಳುವ ದಾರಿಯನ್ನು ಪಿಸುಗುಟ್ಟಿದಳು. ಎಲೆರಿ ಅದನ್ನು ಮುಂದಿನ ದೃಶ್ಯಕ್ಕೆ ಬರೆದಿದ್ದಳು. ಲೌರಿ ಆ ಮಾತನ್ನು ಅಲ್ಲಿಂದ ತಂದು ಇಲ್ಲಿ ಕೂರಿಸಿದ್ದಳು.

ಪ್ರಿಚರ್ಡ್ ಮುಖ ಗಂಟಿಕ್ಕಿದ. "ಇದನ್ನ ತೆಗೆಯೋದು ಹೇಗೆ?"

"ತೆಗೆಯೋಕಾಗಲ್ಲ. ತೆಗೆದ್ರೆ ಹಡಗು ಮನೆ ಸೇರಲ್ಲ."

"ನಿನ್ನ ಕೆಲಸ ಹೋಗುತ್ತೆ ಲೌರಿ."

"ಹೋಗ್ಲಿ. ನಾಳೆ ಪ್ರಸಾರ, ಹೊಸ ಎಡಿಟರ್‌ನ ಎಲ್ಲಿಂದ ತರ್ತೀರಿ?"

ಅವನು ಬೈದುಕೊಂಡೇ ಸಹಿ ಹಾಕಿ ಹೋದ. ಎಲೆರಿಗೆ ಸಂತೋಷವಾಗಿತ್ತು, ಆದರೆ ಭಾನುವಾರದ ಊಟದ ಆ ಮಾತು ಇನ್ನೂ ಚುಚ್ಚುತ್ತಿತ್ತು.

ಯಾರೂ ಹೇಳದೆಯೇ ಲೌರಿ ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅಮ್ಮಾ, ಭಾನುವಾರ ಸುಳ್ಳು ಹೇಳ್ದೆ. ಎಲೆರಿ ಬಾಡಿಗೆಯವಳಲ್ಲ. ನಾನು ಪ್ರೀತಿಸೋಳು. ಅವಳ ಜೊತೆನೇ ಬಾಳ್ತೀನಿ."

ಆ ಕಡೆ ಕೆಟಲ್ ಕುದಿಯುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಫೋನ್ ಕಟ್ಟಾಯಿತು.

ಲೌರಿ ಕನ್ನಡಕ ಇಳಿಸಿಕೊಂಡಳು. ಎಲೆರಿ ಅದನ್ನು ಮೇಲೆತ್ತಿ, ಒದ್ದೆ ರೆಪ್ಪೆಗೆ ತುಟಿಯೊತ್ತಿದಳು. ಸಿಟ್ಟೇನೂ ಇಳಿದಿರಲಿಲ್ಲ, ಅದೀಗ ಲೌರಿಯ ಮೇಲಿರಲಿಲ್ಲ, ಅಷ್ಟೇ.

"ಮತ್ತೆ ಫೋನ್ ಮಾಡು," ಎಂದಳು ಎಲೆರಿ. "ಈ ಸಲ ನಾನೂ ಮಾತಾಡ್ತೀನಿ."