ಗೋಡೆಯಿಲ್ಲದ ಗೇಟು

"ಕೀಳು ಆ ಗೇಟನ್ನು! ಈಗಲೇ ಕೀಳು ಮಾರಾಯ!"

"ಬರ್ತ್‌ಡೇ ಗಿಫ್ಟ್ ಕಣೇ ಅದು. ನಿನ್ನ ಹೆಸರು ನೋಡು, ಹಿತ್ತಾಳೇಲಿ ಕೊರೆಸಿದ್ದೀನಿ."

ಮನೋಜ್ ನಗುತ್ತಿದ್ದ. ನಾನು ನಗಲಿಲ್ಲ. ನನ್ನ ಮನೆಯ ಮುಂದೆ ಎರಡು ಹೊಸ ಕಂಬ, ನಡುವೆ ನೀಲಿ ಗೇಟು, ಅದರ ಮೇಲೆ 'ಹರಿಣಾಕ್ಷಿ'. ನಾನು ಉಳ್ಳೂರಿನ ಹಾಸ್ಟೆಲಿನ ಅಡುಗೆ ಕೆಲಸದಲ್ಲಿ ದೋಸೆ ಹುಯ್ಯುತ್ತಿದ್ದಾಗ ಮೇಸ್ತ್ರಿಯನ್ನು ಕರೆಸಿ ನಿಲ್ಲಿಸಿದ್ದಾನೆ. ನಾಳೆ ಸುತ್ತ ಕಾಂಪೌಂಡ್ ಏಳುತ್ತದಂತೆ.

ಕಡಲ ದಡದ ವಿಳಿಂಜಂನ ಈ ಜಾಗ ನಮ್ಮ ಹದಿನಾಲ್ಕು ಮನೆಯವರ ಟ್ರಸ್ಟಿನದು. ಮನೆ ಅವರವರದು, ನೆಲ ಎಲ್ಲರದು. ಬಿಟ್ಟು ಹೋಗುವವರು ಮನೆಯನ್ನು ಟ್ರಸ್ಟಿಗೇ ಕೊಡಬೇಕು, ಮುಂದೆ ಬರುವ ನಮ್ಮಂಥವರಿಗೆ ಎಟಕುವ ಬೆಲೆಗೆ. ನೆಲಕ್ಕೆ ಗೋಡೆ ಹಾಕುವ ಹಾಗಿಲ್ಲ. ಇಪ್ಪತ್ತು ವರ್ಷ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಹೊತ್ತವಳು ನಾನು. ಇಲ್ಲಿ ಇಳಿಸಿ ಎಂಟು ತಿಂಗಳಾಗಿತ್ತು.

"ನಮ್ಮ ಮೈಸೂರಲ್ಲಿ ಗೇಟಿಲ್ಲದ ಮನೆಗೆ ಹೆಣ್ಣು ಕೇಳಕ್ಕೂ ಬರಲ್ಲ," ಎಂದು ಕಣ್ಣು ಮಿಟುಕಿಸಿದ.

ಆ ಕಣ್ಣು. ಎರಡು ವರ್ಷದಿಂದ ಪ್ರತಿ ಶನಿವಾರ ಕೊಚ್ಚಿಯ ರೈಲಿನಿಂದಿಳಿದು, ಜನರ ನಡುವೆ ನನ್ನನ್ನು ಹುಡುಕಿ, ಸಿಕ್ಕ ಕೂಡಲೇ ಬೇರೆಲ್ಲೋ ನೋಡುವ ಕಳ್ಳ ಕಣ್ಣು. ನಲವತ್ತೆರಡರ ಹೆಂಗಸಿನ ಕಿವಿ ಕೆಂಪಾಗಿಸುವ ಕಣ್ಣು.

"ನೀನು ನನ್ನನ್ನು ಕೇಳುವಾಗ ನನಗೆ ಮನೆಯೇ ಇರ್ಲಿಲ್ಲ. ಗೇಟು ಎಲ್ಲಿತ್ತು?"

ಅವನ ನಗು ಹೋಯಿತು. "ಸರಿ, ಈ ಮನೇನ ಟ್ರಸ್ಟಿಗೆ ಬಿಟ್ಟಾಕು. ಕೊಚ್ಚಿಯ ಎಡಪ್ಪಳ್ಳೀಲಿ ಫ್ಲ್ಯಾಟ್ ನೋಡಿದ್ದೀನಿ. ಮದುವೆ ಆದ್ಮೇಲೆ ಯಾರದೋ ನೆಲದಲ್ಲಿ ನಾನು ಮಲಗಲ್ಲ."

"ಯಾರದೋ ಅಲ್ಲ, ನಮ್ಮದು. ನಾಳೆ ಟ್ರಸ್ಟಿನ ಸಭೆ ಉಂಟು. ಬಂದು ಸಹಿ ಹಾಕು, ನಿನ್ನದೂ ಆಗ್ತದೆ."

"ಎಲ್ಲರದು ಅಂದ್ರೆ ಯಾರದ್ದೂ ಅಲ್ಲ. ನಾನು ಬೇಕಾ, ಈ ನೆಲ ಬೇಕಾ?"

"ಎರಡೂ ಬೇಕು. ಒಂದನ್ನು ಬಿಡು ಅನ್ನುವವನು ನೀನು, ನಾನಲ್ಲ."

ಒಳಗೆ ಹೋಗಿ ಹಾರೆ ತಂದೆ. ಅವನು ಬ್ಯಾಗು ಹೆಗಲಿಗೆ ಹಾಕಿದ್ದ. ಎಡಕ್ಕೂ ಬಲಕ್ಕೂ ಬಯಲು, ಎಲ್ಲಿಂದ ಬೇಕಾದರೂ ಹೋಗಬಹುದಿತ್ತು. ಗೇಟು ತೆರೆದು ಹೊರಗೆ ಹೋದ, ತಿರುಗಿ ಚಿಲಕ ಹಾಕಿದ. ನನ್ನನ್ನು ನೋಡಿದ. ಈ ಸಲ ಕಣ್ಣು ಬೇರೆಡೆ ಹೊರಳಿಸಲಿಲ್ಲ. ಆಮೇಲೆ ಬಸ್‌ಸ್ಟಾಪಿನ ಕಡೆ ನಡೆದ.

ಹಸಿ ಸಿಮೆಂಟು. ಮೂರನೇ ಏಟಿಗೆ ಕಂಬ ಬಿತ್ತು.

ಮುಂದಿನ ಶನಿವಾರ ಸ್ಟೇಷನ್ನಿಗೆ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ರೈಲು ಬಂತು. ಅವನು ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ನಾನು ಮನೆಗೆ ಬಂದೆ. ನನ್ನ ಮನೆಗೆ.