ಎಪ್ಪಾಯ್ತಾ, ಡಾಕ್ಟ್ರೇ?

"ನಾಳೆ ನಮ್ಮನೆ ಆಲು ತರ್ಲಾ, ಡಾಕ್ಟ್ರೇ?"

ಫೋನಿನಲ್ಲಿ ಅರ್ಚನಗೆ ಕೇಳಿಸಿದ್ದು ಹಲ್ಲು. "ನಿಮ್ಮನೇಲಿ ಯಾರದ್ದು ಕಿತ್ರು?"

"ಕೀಳೋದಾ? ಕರೆಯೋದು! ಅಸೀನ ಆಲು."

ಫೋನ್ ಮಾಡಿದ್ದ ಮುನೇಶ್ ಬಂಗಾರಪೇಟೆಯ ಒಂದು ದಂತ ಕ್ಲಿನಿಕ್ಕಿನಲ್ಲಿ ಸಹಾಯಕ. ಬೂದಿಕೋಟೆಯ ಮನೆಯಲ್ಲಿ ನಾಲ್ಕು ಹಸು. ರೋಗಿಗಳು ಒಪ್ಪಿಕೊಟ್ಟ ಬುದ್ಧಿಹಲ್ಲನ್ನು ಐಸ್ ಡಬ್ಬಿಯಲ್ಲಿಟ್ಟು ಅವನು ಕೆಜಿಎಫ್‌ನ ಲ್ಯಾಬಿಗೆ ತರುತ್ತಾನೆ. ಅರ್ಚನ ಅದರ ತಿರುಳಿನಿಂದ ಸ್ಟೆಮ್ ಸೆಲ್ ಬೆಳೆಸುತ್ತಾಳೆ. ರೂಟ್ ಕೆನಾಲ್ ತೊಳೆಯುವ ದ್ರಾವಣಗಳು ಆ ಕೋಶಗಳನ್ನು ಎಷ್ಟು ಉಳಿಸುತ್ತವೆ, ಎಷ್ಟು ಕೊಲ್ಲುತ್ತವೆ ಎಂಬುದು ಅವಳ ಥೀಸಿಸ್. ಅಪ್ಪನ ಫ್ಯಾಕ್ಟರಿ ಕೆಲಸಕ್ಕಾಗಿ ದಾವಣಗೆರೆಯಿಂದ ಬಂದವಳಿಗೆ ಇಲ್ಲಿಯ ಮಾತು ಇನ್ನೂ ಪೂರ್ತಿ ಒಗ್ಗಿರಲಿಲ್ಲ.

ಮರುದಿನ ಅವನು ಹಲ್ಲು, ಹಾಲು ಎರಡನ್ನೂ ತಂದ.

"ಇದೇ ಕೊನೇ ಹಲ್ಲು," ಎಂದಳು. "ಶೇಕಡಾ ಆರರ ಬ್ಲೀಚ್‌ಗೆ ಎಲ್ಲಾ ಸತ್ತವು. ಒಂದೂವರೆಗೆ ಕೆಲವು ಉಳಿದವು. ಈ ಸಲ ಹಲ್ಲಿನ ಚೂರನ್ನ ಒಂದೂವರೆಯಲ್ಲೇ ತೊಳೆದು, ಬ್ಲೀಚ್‌ನ ಕೆಡುಕು ಕಳೆಯೋಕೆ ಕೊನೆಗೆ ಇಡಿಟಿಎ ದ್ರಾವಣ ಹಾಕಿ, ಅದರ ಮೇಲೆ ಕೋಶ ಬಿಡ್ತೀನಿ."

"ನಮ್ಮಮ್ಮನೂ ಅಂಗೇ ಹೇಳ್ತಾಳೆ. ಪಾತ್ರೆಗೆ ಬ್ಲೀಚಿಂಗ್ ಜಾಸ್ತಿ ಆಕಿ, ಸರ್ಯಾಗಿ ತೊಳೀದಿದ್ರೆ ಮೊಸರು ಎಪ್ಪಾಗಲ್ಲ ಅಂತ."

"ಎಪ್ಪು?"

"ಮೊದ್ಲಿಗೊಂದು ಉಸ್ರು ಸೇರ್ಸ್ಕಳಿ, ಡಾಕ್ಟ್ರೇ. ನಿಮ್ ಕನ್ನಡ ಆಗುತ್ತೆ."

"ಓ, ಹೆಪ್ಪು!" ಅವಳು ಜೋರಾಗಿ ನಕ್ಕಳು. ಅವನು ಆ ನಗುವನ್ನು ನೋಡುತ್ತಾ ಐಸ್ ಡಬ್ಬಿಯ ಮುಚ್ಚಳವನ್ನು ತಲೆಕೆಳಗಾಗಿ ಹಾಕಿದ.

ಕೋಶಗಳು ಬದುಕಿದರೆ ಥೀಸಿಸ್ ಮುಗಿಯುತ್ತದೆ. ಅವನು ಇಲ್ಲಿಗೆ ಬರುವ ಕಾರಣವೂ ಮುಗಿಯುತ್ತದೆ. ಮುನೇಶನಿಗೆ ಅದು ಗೊತ್ತಿತ್ತು. ಆದರೂ ದಿನಾ ಬೆಳಿಗ್ಗೆ ಮೆಸೇಜ್ ಕಳಿಸಿದ: "ಎಪ್ಪಾಯ್ತಾ?"

"ಇನ್ನೂ ಇಲ್ಲ," ಎಂದು ಅವಳು ಬರೆಯುತ್ತಿದ್ದಳು.

ಏಳನೆಯ ದಿನ ಅವಳೇ ಕರೆಸಿದಳು. ಮೈಕ್ರೋಸ್ಕೋಪಿನಲ್ಲಿ ಹಲ್ಲಿನ ಚೂರಿನ ಮೇಲೆಲ್ಲ ಹಸಿರು ಚುಕ್ಕೆಗಳು. "ಹಸಿರಾಗಿರೋದೆಲ್ಲ ಬದುಕಿರೋವು," ಎಂದಳು. ಆಮೇಲೆ ಮೆಲ್ಲಗೆ, "ಎಪ್ಪಾಯ್ತು."

ಅವಳ ಮಾತಿನಲ್ಲಿ 'ಹ' ಇರಲಿಲ್ಲ. ಅವನ ಕಿವಿ ಕೆಂಪಾಯಿತು.

"ಅಂಗಾದ್ರೆ ಇನ್ನು ಅಲ್ಲು ಬೇಕಾಗಲ್ಲ."

"ಹಲ್ಲು ಬೇಡ." ಅವಳು ಗ್ಲೌಸ್ ಬಿಚ್ಚುತ್ತಾ ಅವನನ್ನೇ ನೋಡಿದಳು. "ಆಲು ತನ್ನಿ."

"ಎಷ್ಟು ದಿನ?"

"ಅದನ್ನ ನಿಮ್ಮಮ್ಮನ್ನ ಕೇಳಿ ಹೇಳ್ತೀನಿ. ಭಾನುವಾರ ಬೂದಿಕೋಟೆಗೆ ಬಸ್ ಎಷ್ಟೊತ್ತಿಗಿದೆ?"

"ಬಸ್ ಯಾಕೆ? ನಾನೇ ಬಂದು ಕರ್ಕೊಂಡೋಗ್ತೀನಿ," ಎಂದು ಮುನೇಶ್ ಹೊರಟ. ಐಸ್ ಡಬ್ಬಿಯನ್ನು ಅಲ್ಲೇ ಮರೆತಿದ್ದ. ಅರ್ಚನ ಅವನನ್ನು ಕೂಗಿ ಕರೆಯಲಿಲ್ಲ.