ಎರಡು ಸಲ ಮಿನುಗಿದರೆ ಚಹಾ

ಬಲ್ಬು ಎರಡು ಸಲ ಮಿನುಗಿತು. ಬುರುಲ್ ಹೊಲಿಗೆ ನಿಲ್ಲಿಸಿ ತಲೆ ಎತ್ತಿದಳು. ಆಚೆ ತುದಿಯ ಕಟಿಂಗ್ ಮೇಜಿನ ಬಳಿ ಮೆಲಿಸ್, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಗುತ್ತಿದ್ದ.

ಚಿಕ್ಕಂದಿನ ಜ್ವರದಲ್ಲಿ ಕಿವಿ ಕಳೆದುಕೊಂಡವಳಿಗೆ ಬಿಷ್ಕೆಕ್ ನಗರದಲ್ಲಿ ಯಾರೂ ಹೊಲಿಗೆ ಕೆಲಸ ಕೊಟ್ಟಿರಲಿಲ್ಲ. ಕೂಗಿದರೆ ಕೇಳದವಳನ್ನು ಇಟ್ಟುಕೊಂಡು ಏನು ಮಾಡೋಣ ಎನ್ನುತ್ತಿದ್ದರು. ಈ ಕಾರ್ಖಾನೆಯಲ್ಲಿ ಮಾತ್ರ ಮೆಲಿಸ್ ವೈರು ಎಳೆದು ಅವಳ ಮಷೀನಿಗೊಂದು ಕೆಂಪು ಬಲ್ಬು ಹಾಕಿಕೊಟ್ಟಿದ್ದ. ಒಂದು ಸಲ ಮಿನುಗಿದರೆ ಹೊಲಿಯಲು ಕತ್ತರಿಸಿದ ಬಟ್ಟೆ ಸಿದ್ಧ. ಎರಡು ಸಲ ಮಿನುಗಿದರೆ ಏನೆಂಬುದು ಅವರಿಬ್ಬರ ಗುಟ್ಟು.

“ಏನು?” ಎಂದಳು, ಎಲ್ಲರಿಗೂ ಕೇಳುವಂತೆ.

“ಮೆಲ್ಲಗೆ ಮಾರಾಯ್ತಿ,” ಎಂದಿತು ಅವನ ತುಟಿ. “ಚಹಾಕ್ಕೆ ಬಾ. ತಿನ್ನೋಕೆ ಬಿಸಿ ಸಮ್ಸಾ ತಂದಿದ್ದೀನಿ.”

“ಈರುಳ್ಳಿ ಜಾಸ್ತಿ ಇದ್ರೆ ಬರಲ್ಲ.”

“ನೀನು ಬರ್ದಿದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ.”

ಆ ತುಟಿಯನ್ನು ಓದುತ್ತಾ ಓದುತ್ತಾ ಬುರುಲ್ ಅವನನ್ನೇ ಮನಸ್ಸಿಗೆ ಹಚ್ಚಿಕೊಂಡುಬಿಟ್ಟಿದ್ದಳು. ಹಿಮ ಕರಗಲಿ, ಮನೆಯಲ್ಲಿ ಮದುವೆ ಮಾತು ಎತ್ತುತ್ತೇನೆ ಎಂದಿದ್ದ.

ಇದೆಲ್ಲ ಮಾಲಕಿ ಸಾಲ್ಕಿನ್ ಅಕ್ಕನ ಕಣ್ಣಿಗೆ ಬೀಳದೆ ಇದ್ದೀತೇ? ಮರುದಿನ ಆಕೆ ಮೆಲಿಸ್‌ನನ್ನು ದೊಡ್ಡ ಕನ್ನಡಿಯ ಮುಂದೆ ಹಿಡಿದು ನಿಲ್ಲಿಸಿದಳು. ಇಬ್ಬರ ಬೆನ್ನೂ ಬುರುಲ್ ಕಡೆಗಿತ್ತು, ಇಬ್ಬರ ಮುಖವೂ ಕನ್ನಡಿಯಲ್ಲಿತ್ತು.

“ಆ ಬಲ್ಬು ಕೆಲಸಕ್ಕೋ, ಸರಸಕ್ಕೋ? ಸರಸಕ್ಕಾದ್ರೆ ಇವತ್ತೇ ಕಿತ್ತು ಬಿಸಾಕು. ಅವಳನ್ನೂ ಮನೆಗೆ ಕಳಿಸ್ತೀನಿ.”

“ಸರಸ ಎಲ್ಲಿಂದ ಬಂತಕ್ಕ?” ಮೆಲಿಸ್ ನಕ್ಕ. “ಕಿವುಡಿ, ಪಾಪ ಅಂತ ಹಾಕ್ಕೊಟ್ಟೆ. ಅಂಥವಳನ್ನ ಯಾರು ಕಟ್ಕೋತಾರೆ?”

ಅಕ್ಕನೂ ನಕ್ಕಳು. ಬಲ್ಬು ಉಳಿಯಿತು. ಎಲ್ಲವನ್ನೂ ಓದಿಕೊಂಡ ಬುರುಲ್ ಕನ್ನಡಿಯಿಂದ ಕಣ್ಣು ತೆಗೆದಳು, ಹೊಲಿಗೆ ಸೊಟ್ಟಗಾಗಲು ಬಿಡಲಿಲ್ಲ.

ಸಂಜೆ ಬಾಗಿಲಲ್ಲಿ ಅವನನ್ನು ತಡೆದು, “ಕನ್ನಡೀಲಿ ನೋಡ್ದೆ,” ಎಂದಳು.

ಅವನ ಮುಖ ಬಿಳಿಚಿಕೊಂಡಿತು. “ನಿನ್ನ ಕೆಲಸ ಉಳಿಸೋಕೆ ಹಂಗಂದೆ ಕಣೆ. ಬರೀ ಬಾಯಿಮಾತು.”

“ನಂಗಿರೋದೇ ಬಾಯಿಮಾತು, ಮೆಲಿಸ್. ಕಣ್ಣಲ್ಲಿ ನೋಡಿ ನಂಬ್ತೀನಿ. ಎಲ್ರಿಗೂ ಸೂಜಿ ಕೊಡ್ತಾರಲ್ಲ, ಪಾಪ ಅಂತ ಕೊಡ್ತಾರಾ? ಆ ಬಲ್ಬೂ ನಂಗೆ ಸೂಜಿ ಇದ್ದ ಹಾಗೆ. ನಾಳೆ ಅಕ್ಕನ ಮುಂದೆ ಇದನ್ನ ಹೇಳ್ತೀಯಾ? ನನ್ನ ಕಟ್ಕೋತೀನಿ ಅಂತಾನೂ ಹೇಳ್ತೀಯಾ?”

ಅವನು ನೆಲ ನೋಡಿದ. ನೆಲ ನೋಡುವವನ ತುಟಿಯನ್ನು ಓದಲಾಗದು. ಅವಳು ಹೊರಟುಹೋದಳು.

ಬೆಳಗ್ಗೆ ಬಲ್ಬು ಎರಡು ಸಲ ಮಿನುಗಿತು. ಅವನ ಮೇಜಿನ ಮೇಲೆ ಎರಡು ಬಟ್ಟಲು ಚಹಾ ಇತ್ತು. ಪಕ್ಕದಲ್ಲೇ ಸಾಲ್ಕಿನ್ ಅಕ್ಕ ಅವನಿಗೆ ಬೆನ್ನು ಹಾಕಿ ಬಟ್ಟೆ ನೋಡುತ್ತಿದ್ದಳು.

ಬುರುಲ್ ತಲೆ ಎತ್ತಿದಳು. ಮೆಲ್ಲಗೆ ಮಾತಾಡುವ ಗೋಜಿಗೆ ಹೋಗಲಿಲ್ಲ.

“ಬಟ್ಟೆ ಇಲ್ದೆ ಬಲ್ಬು ಹಾಕ್ಬೇಡ, ಮೆಲಿಸಣ್ಣ.”